ಯಾವ ಕತ್ತಲಿಗೆ ಯಾವ ದೀಪ?

ಡಿಸೆಂಬರ್ 13ರ ಬೆಳಗ್ಗೆ ಏಳು ಗಂಟೆಗೆ ಸ್ವೀಡನ್ನಿನಲ್ಲಿ ಇನ್ನೂ ಪೂರ್ತಿ ಕತ್ತಲು. ಶಾಲೆ, ಚರ್ಚು, ಆಫೀಸು, ಆಸ್ಪತ್ರೆಗಳಲ್ಲಿ ಅವತ್ತು ಜನ ಲೈಟು ಆರಿಸಿ ಸುಮ್ನೆ ಕಾಯುತ್ತಾ ಕೂತಿರುತ್ತಾರೆ. ಬಾಗಿಲಾಚೆಯಿಂದ ಮೆಲ್ಲಗೆ ಹಾಡು ಶುರುವಾಗುತ್ತದೆ. ಆಮೇಲೆ ಬಿಳಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ ಹೊತ್ತ ಹುಡುಗಿಯೊಬ್ಬಳು ಒಳಗೆ ಬರುತ್ತಾಳೆ. ಅವಳ ಹಿಂದೆ ಕೈಯಲ್ಲಿ ಒಂದೊಂದು ಬತ್ತಿ ಹಿಡಿದ ಹುಡುಗಿಯರು, ಚೂಪು ಟೋಪಿ ಹಾಕಿ ನಕ್ಷತ್ರದ ಕೋಲು ಹಿಡಿದ ಹುಡುಗರು. ಹಾಡು ಮುಗಿದ ಮೇಲೆ ಎಲ್ಲರಿಗೂ ಕಾಫಿ, ಜೊತೆಗೆ ಕೇಸರಿ ಹಾಕಿದ ಹಳದಿ ಬನ್ನು. ಬನ್ನಿನ ಎರಡೂ ತುದಿ ಒಳಕ್ಕೆ ಸುರುಳಿ ಸುತ್ತಿರುತ್ತದೆ. ಪ್ರತಿ ಸುರುಳಿಯ ನಡುವೆ ಒಂದು ಒಣದ್ರಾಕ್ಷಿ. ಇದು ಸಂತ ಲೂಸಿಯಾಳ ಹಬ್ಬ.

ಲೂಸಿಯಾ ಸ್ವೀಡನ್ನಿನವಳಲ್ಲ. ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನವಳು. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಕ್ರಿ.ಶ. 304ರಲ್ಲಿ, ಅವಳನ್ನು ಕೊಂದರು ಅನ್ನುತ್ತದೆ ಚರ್ಚಿನ ಪರಂಪರೆ. ನೆಲಮಾಳಿಗೆಯಲ್ಲಿ ಅಡಗಿದ್ದ ಕ್ರೈಸ್ತರಿಗೆ ಅವಳು ಊಟ ಒಯ್ಯುತ್ತಿದ್ದಳಂತೆ. ಎರಡೂ ಕೈಯಲ್ಲಿ ಊಟ ಹಿಡಿಯಬೇಕಲ್ಲ, ಅದಕ್ಕೆ ದೀಪವನ್ನು ತಲೆಗೆ ಕಟ್ಟಿಕೊಂಡಳು ಅಂತ ಜನ ಹೇಳುವ ಕಥೆ. ಸ್ವೀಡನ್ ಸಂತರ ಆರಾಧನೆ ಒಪ್ಪದ ಲೂಥರನ್ ಕ್ರೈಸ್ತ ಪಂಥದ ದೇಶ. ಅಲ್ಲಿ ಸಂತರ ಹಬ್ಬಗಳು ಹೆಚ್ಚುಕಡಿಮೆ ಎಲ್ಲವೂ ಮರೆಯಾದವು. ಹಾಗಿದ್ದರೂ ದೂರದ ಸಿಸಿಲಿಯ ಈ ಹುಡುಗಿ ಉಳಿದುಕೊಂಡಳು. ಅದೂ 13ನೇ ತಾರೀಖಿಗೆ. ವರ್ಷದ ಅತಿ ಉದ್ದದ ರಾತ್ರಿ ಬರುವುದು ಡಿಸೆಂಬರ್ 21 ಅಥವಾ 22ಕ್ಕೆ, ಅಲ್ವಾ? ಎಂಟು ದಿನ ಮೊದಲೇ ಯಾಕೆ?

ನನಗೆ ಈ ತಾರೀಖಿನ ಪ್ರಶ್ನೆ ಬಹಳ ಮುಖ್ಯ ಅನಿಸುತ್ತದೆ. ಚಳಿಗಾಲದ ಬೆಳಕಿನ ಹಬ್ಬಗಳ ಮಾತು ಬಂದಾಗ ನಾವು ಒಂದೇ ಉತ್ತರ ಕೊಟ್ಟು ಮುಗಿಸುತ್ತೇವೆ: ಸೂರ್ಯ ಕಡಿಮೆಯಾದ, ಮನುಷ್ಯ ಹೆದರಿದ, ದೀಪ ಹಚ್ಚಿದ. ಎಲ್ಲಾ ಧರ್ಮದ್ದೂ ಒಂದೇ ಕಥೆ. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. ಒಂದೊಂದು ಹಬ್ಬದ ತಾರೀಖನ್ನು ಹಿಡಿದು ಹಿಂದಕ್ಕೆ ಹೋದರೆ, ಅದು ಯಾವ ಕತ್ತಲಿಗೆ ಎದುರಾಗಿ ನಿಂತಿದೆ ಅನ್ನುವುದು ಕಾಣುತ್ತದೆ. ಕೆಲವು ಹಬ್ಬಗಳಿಗೆ ಸೂರ್ಯ ಬೇಗ ಮುಳುಗುವ ಕತ್ತಲು. ಕೆಲವಕ್ಕೆ ಚಂದ್ರನಿಲ್ಲದ ಕತ್ತಲು. ಇನ್ನು ಕೆಲವಕ್ಕೆ, ಬೆಳಕಾಗಿದ್ದ ಒಬ್ಬರು ಹೋದ ಕತ್ತಲು.

ಕತ್ತಲು ಎಷ್ಟು?

ಮೊದಲು ಸೂರ್ಯನ ಲೆಕ್ಕ. ಭೂಮಿ ಸುಮಾರು 23.4 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಡಿಸೆಂಬರ್‌ನಲ್ಲಿ ಉತ್ತರ ಧ್ರುವ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಹಾಗಾಗಿ ಉತ್ತರಕ್ಕೆ ಹೋದಷ್ಟೂ ಹಗಲು ಚಿಕ್ಕದು. ಚಳಿಗಾಲದಲ್ಲಿ ಸೂರ್ಯ ದೂರ ಇರುತ್ತಾನೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೇ ಜನವರಿಯ ಮೊದಲ ವಾರದಲ್ಲಿ. ಚಳಿಗೂ ಕತ್ತಲಿಗೂ ಕಾರಣ ಈ ವಾಲುವಿಕೆ ಮಾತ್ರ.

ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್ 21ರ ಹಗಲಿಗೆ ಹೋಲಿಸಿದರೆ ಒಂದೂವರೆ ಗಂಟೆ ಕಡಿಮೆ, ಅಷ್ಟೇ. ಜೆರುಸಲೇಮಿನಲ್ಲಿ ಅದು ಸುಮಾರು 10 ಗಂಟೆ. ಟೆಹರಾನಿನಲ್ಲಿ 9 ಗಂಟೆ 40 ನಿಮಿಷದ ಆಸುಪಾಸು. ಸ್ಟಾಕ್‌ಹೋಮಿನಲ್ಲಿ 6 ಗಂಟೆ. ಅಲ್ಲಿ ಮಧ್ಯಾಹ್ನ ಮೂರಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಊರಿನಲ್ಲಿ ಡಿಸೆಂಬರ್‌ನ ಸುಮಾರು ಮೂರು ವಾರ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಲ್ಲಿ ದಿಗಂತದ ಅಂಚು ಸ್ವಲ್ಪ ಹೊತ್ತು ನಸುಗೆಂಪಾಗಿ ಮತ್ತೆ ಕಪ್ಪಾಗುತ್ತದೆ.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ಕಿರುನಾದವರ ಕತ್ತಲೂ ಕನಕಪುರದವರ ಕತ್ತಲೂ ಒಂದೇ ಅಲ್ಲ. ನಮ್ಮ ಕಡೆ ಡಿಸೆಂಬರ್ ಅಂದರೆ ಮಂಜು, ಸ್ವೆಟರ್ ಮತ್ತು ಅವರೆಕಾಯಿ. ಸೂರ್ಯ ಹೋಗೇಬಿಟ್ಟ ಅನ್ನುವ ಭಯ ನಮಗೆ ಹುಟ್ಟುವ ಕಾರಣವೇ ಇಲ್ಲ. ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್‌ನಲ್ಲೂ ಅಲ್ಲ, ನವೆಂಬರ್‌ನ ಮೂರು ನಾಲ್ಕನೇ ವಾರದಲ್ಲಿ. ಸರಿಯಾಗಿ ಕಾರ್ತಿಕ ಮಾಸದ ಹೊತ್ತಿಗೆ. ಬೆಳಗ್ಗೆ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ. ಸಂಜೆಯ ಕತ್ತಲನ್ನು ಕಣ್ಣಲ್ಲಿ ಅಳೆಯುವ ಜನಕ್ಕೆ ಇಲ್ಲಿ ನವೆಂಬರ್‌ನ ಸಂಜೆಗಳೇ ವರ್ಷದಲ್ಲಿ ಬೇಗ ಕಪ್ಪಾಗುವ ಸಂಜೆಗಳು.

ಹಿಂದೆ ಬಿದ್ದ ಕ್ಯಾಲೆಂಡರು

ಈಗ ಲೂಸಿಯಾಳ 13ಕ್ಕೆ ಬರೋಣ. ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರಿನಲ್ಲಿ ವರ್ಷ ಅಂದರೆ 365 ದಿನ 6 ಗಂಟೆ. ನಿಜವಾದ ಸೌರ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಏನು ಮಹಾ ಅನಿಸಬಹುದು. ಸುಮಾರು 128 ವರ್ಷಕ್ಕೆ ಅದೇ ಒಂದು ದಿನವಾಗುತ್ತದೆ. ಹೀಗೆ ಜಾರುತ್ತಾ ಜಾರುತ್ತಾ, 14ನೇ ಶತಮಾನದ ಹೊತ್ತಿಗೆ ಅತಿ ಉದ್ದದ ರಾತ್ರಿ ಕ್ಯಾಲೆಂಡರಿನಲ್ಲಿ ಡಿಸೆಂಬರ್ 13ರ ಸುತ್ತ ಬೀಳುತ್ತಿತ್ತು. ಅದು ಲೂಸಿಯಾಳ ದಿನ. ಉತ್ತರದ ಹಳ್ಳಿಗಳಲ್ಲಿ ಆ ರಾತ್ರಿ ಲುಸ್ಸಿ ಅನ್ನುವ ಹೆಣ್ಣು ದೆವ್ವ ತಿರುಗುತ್ತದೆ, ಕೊಟ್ಟಿಗೆಯಲ್ಲಿ ದನಗಳು ಮಾತಾಡುತ್ತವೆ ಅನ್ನುವ ನಂಬಿಕೆ ಇತ್ತು. ಜನಕ್ಕೂ ದನಕ್ಕೂ ಅವತ್ತು ಸ್ವಲ್ಪ ಜಾಸ್ತಿ ತಿನ್ನಲು ಕೊಡುತ್ತಿದ್ದರು, ಅಷ್ಟು ಉದ್ದದ ರಾತ್ರಿ ಕಳೆಯಬೇಕಲ್ಲ.

1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ಸರಿಪಡಿಸಿದರು. ಆ ವರ್ಷ ಅಕ್ಟೋಬರ್ 4ರ ಮಾರನೆಯ ದಿನ ಅಕ್ಟೋಬರ್ 15 ಆಯಿತು. ಸ್ವೀಡನ್ ಈ ಬದಲಾವಣೆಯನ್ನು ಒಪ್ಪಿದ್ದು 1753ರಲ್ಲಿ. ಅತಿ ಉದ್ದದ ರಾತ್ರಿ 21ಕ್ಕೆ ಬಂತು, ಲೂಸಿಯಾ ಮಾತ್ರ 13ರಲ್ಲೇ ಉಳಿದಳು. ಹಳೆಯ ಕತ್ತಲಿನ ನೆನಪೂ ಅವಳ ಜೊತೆಗೇ ಉಳಿಯಿತು. ಬಿಳಿ ಬಟ್ಟೆಯ ಲೂಸಿಯಾಳ ಮೊದಲ ದಾಖಲೆ ಸಿಗುವುದು 1764ರಲ್ಲಿ, ಪಶ್ಚಿಮ ಸ್ವೀಡನ್ನಿನ ಒಂದು ಜಮೀನ್ದಾರರ ಮನೆಯಲ್ಲಿ. 1927ರಲ್ಲಿ ಸ್ಟಾಕ್‌ಹೋಮಿನ ಪತ್ರಿಕೆಯೊಂದು ಲೂಸಿಯಾ ಸ್ಪರ್ಧೆ ನಡೆಸಿದ ಮೇಲೆ ಇದು ಇಡೀ ದೇಶದ ಹಬ್ಬವಾಯಿತು. ಅಂದರೆ ನಂಬಿಕೆ ಹಳೆಯದು, ಮೆರವಣಿಗೆ ಹೊಸದು. ಇದರಿಂದ ಹಬ್ಬದ ತೂಕ ಕಡಿಮೆಯಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಅಲ್ಲಿನ ಚಳಿಗಾಲ ಕಂಡವರಿಗೆ ಈ ದೀಪದ ಅಗತ್ಯ ಅರ್ಥವಾಗುತ್ತದೆ.

ಆದಿಮಾನವನ ಎಂಟು ದಿನ

ಸೂರ್ಯ ಕಡಿಮೆಯಾಗುವ ಭಯದ ಬಗ್ಗೆ ನಾನು ಓದಿದ ಅತ್ಯಂತ ಚೆಂದದ ಕಥೆ ಯಹೂದಿ ಗುರುಗಳ ಮಾತು, ವಾದಗಳ ಹಳೆಯ ಸಂಗ್ರಹವಾದ ತಾಲ್ಮುಡ್‌ನಲ್ಲಿದೆ. ಮೊದಲ ಮನುಷ್ಯ ಆದಾಮ. ಅವನಿಗೆ ಚಳಿಗಾಲ ಅಂದರೇನು ಗೊತ್ತಿಲ್ಲ, ಹೇಳಿಕೊಡಲು ಹಿರಿಯರೂ ಇಲ್ಲ. ಹಗಲು ದಿನೇದಿನೇ ಚಿಕ್ಕದಾಗುವುದನ್ನು ನೋಡಿದ. ನಾನು ಮಾಡಿದ ಪಾಪಕ್ಕೆ ಲೋಕವೇ ಕತ್ತಲಾಗಿ ಮೊದಲಿನ ಶೂನ್ಯಕ್ಕೆ ಹೋಗುತ್ತಿದೆ ಅಂದುಕೊಂಡ. ಎಂಟು ದಿನ ಉಪವಾಸ ಕೂತು ಪ್ರಾರ್ಥಿಸಿದ. ಆಮೇಲೆ ಹಗಲು ಮತ್ತೆ ಉದ್ದವಾಗುವುದು ಕಂಡಿತು. ಓಹೋ, ಲೋಕದ ನಡೆಯೇ ಹೀಗೆ ಅಂತ ತಿಳಿದು ಎಂಟು ದಿನ ಹಬ್ಬ ಮಾಡಿದ. ರೋಮನ್ನರು ಚಳಿಗಾಲದಲ್ಲಿ ಆಚರಿಸುತ್ತಿದ್ದ ಹಬ್ಬಗಳು ಹುಟ್ಟಿದ್ದು ಹೇಗೆ ಅಂತ ವಿವರಿಸುವಾಗ ಆ ಗುರುಗಳು ಹೇಳಿದ ಕಥೆ ಇದು. ಬೇರೆಯವರ ಹಬ್ಬಕ್ಕೂ ಒಂದು ಮರ್ಯಾದೆಯ ಮೂಲವನ್ನು ಅವರು ಹುಡುಕಿಕೊಟ್ಟರು.

ಯಹೂದಿಗಳ ಸ್ವಂತ ಎಂಟು ದಿನದ ಹಬ್ಬ ಹನುಕ್ಕಾ. ಅದಕ್ಕೆ ಅವರು ಕೊಡುವ ಕಾರಣ ಸೂರ್ಯನಲ್ಲ, ಚರಿತ್ರೆ. ಸಿರಿಯಾ ಕಡೆ ಆಳುತ್ತಿದ್ದ ಸೆಲ್ಯೂಸಿಡ್ ವಂಶದ ದೊರೆ ನಾಲ್ಕನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಅಪವಿತ್ರ ಮಾಡಿದ. ಮಕ್ಕಬಿಯರು ಅನ್ನುವ ಕುಟುಂಬದವರು ದಂಗೆ ಎದ್ದು, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಿ ಮಾಡಿ ಮತ್ತೆ ಪೂಜೆಗೆ ಬಿಟ್ಟರು. ದೀಪಕ್ಕೆ ಒಂದೇ ದಿನಕ್ಕಾಗುವಷ್ಟು ಶುದ್ಧ ಎಣ್ಣೆ ಸಿಕ್ಕಿತು, ಅದು ಎಂಟು ದಿನ ಉರಿಯಿತು ಅನ್ನುವುದು ಪವಾಡ. ಮಕ್ಕಬಿಯರ ಕಾಲಕ್ಕೆ ಹತ್ತಿರದ ಬರಹಗಳಲ್ಲಿ ಈ ಎಣ್ಣೆಯ ಮಾತಿಲ್ಲ. ಅದು ಬರುವುದು ಶತಮಾನಗಳ ನಂತರ, ತಾಲ್ಮುಡ್‌ನಲ್ಲಿ.

ಹಚ್ಚುವ ಕ್ರಮ ಹೀಗೆ. ದೀಪದ ಕಂಬಕ್ಕೆ ಎಂಟು ದೀಪ, ಜೊತೆಗೆ ಒಂಬತ್ತನೆಯದಾಗಿ ಸೇವಕ ದೀಪ. ಅದನ್ನು ಶಮಾಶ್ ಅನ್ನುತ್ತಾರೆ. ಮೊದಲ ದಿನ ಬಲತುದಿಯಲ್ಲಿ ಒಂದು ದೀಪ, ಎರಡನೆಯ ದಿನ ಅದರ ಎಡಕ್ಕೆ ಇನ್ನೊಂದು. ಹಚ್ಚುವಾಗ ಹೊಸದನ್ನು ಮೊದಲು ಹಚ್ಚಬೇಕು. ಎಂಟು ರಾತ್ರಿಗೆ ಶಮಾಶ್ ಸೇರಿ ಒಟ್ಟು 44 ಬತ್ತಿ ಬೇಕಾಗುತ್ತದೆ. ಇದರ ಬಗ್ಗೆ ಹಿಂದೆ ಎರಡು ಗುರುಮನೆಗಳ ನಡುವೆ ವಾದ ನಡೆದಿತ್ತು. ಶಮ್ಮಾಯ್ ಮನೆಯವರು, ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಕಡಿಮೆ ಮಾಡಿ ಅಂದರು. ಹಿಲ್ಲೆಲ್ ಮನೆಯವರು, ಒಂದರಿಂದ ಶುರುಮಾಡಿ ದಿನಕ್ಕೊಂದು ಏರಿಸಿ, ಪವಿತ್ರವಾದದ್ದನ್ನು ಏರಿಸಬೇಕೇ ಹೊರತು ಇಳಿಸಬಾರದು ಅಂದರು. ಹಿಲ್ಲೆಲ್ ಮಾತೇ ನಿಂತಿತು.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಹನುಕ್ಕಾ ದೀಪದ ಬೆಳಕನ್ನು ಕೆಲಸಕ್ಕೆ ಬಳಸುವಂತಿಲ್ಲ. ಅದರ ಬೆಳಕಿನಲ್ಲಿ ದುಡ್ಡು ಎಣಿಸಬಾರದು. ಸುಮ್ನೆ ನೋಡಬೇಕು. ಕೋಣೆಗೆ ಬೆಳಕು ಬೇಕಿದ್ದರೆ ಇರಲಿ ಅಂತಲೇ ಆ ಒಂಬತ್ತನೆಯ ದೀಪ. ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಬಾರದ ದೀಪ ಹಚ್ಚುವುದು ಅಂದರೆ ಚಿಕ್ಕ ಮಾತಲ್ಲ. ದೀಪವನ್ನು ಬಾಗಿಲಲ್ಲೋ ಕಿಟಕಿಯಲ್ಲೋ ಬೀದಿಗೆ ಕಾಣುವಂತೆ ಇಡಬೇಕು. ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು ಅಂತ ತಾಲ್ಮುಡ್ ವಿನಾಯಿತಿ ಕೊಡುತ್ತದೆ. ಆ ಒಂದು ಸಾಲಿನಲ್ಲಿ ಆ ಜನ ಪಟ್ಟ ಪಾಡು ಗೊತ್ತಾಗುತ್ತದೆ.

ಈಗ ತಾರೀಖು ನೋಡಿ. ಹನುಕ್ಕಾ ಶುರುವಾಗುವುದು ಕಿಸ್ಲೇವ್ ತಿಂಗಳ 25ಕ್ಕೆ. ಯಹೂದಿ ತಿಂಗಳು ಅಮಾವಾಸ್ಯೆ ಕಳೆದು ಹೊಸ ಚಂದ್ರನಿಂದ ಶುರುವಾಗುತ್ತದೆ. ಹಾಗಾಗಿ 25 ಅಂದರೆ ಚಂದ್ರ ಸವೆದು ಮುಗಿಯುವ ದಿನಗಳು. ಹಬ್ಬದ ನಡುವೆ ಅಮಾವಾಸ್ಯೆ ಬಂದೇ ಬರುತ್ತದೆ. ತಿಂಗಳುಗಳು ಋತುವಿನಿಂದ ಜಾರದಂತೆ 19 ವರ್ಷದಲ್ಲಿ ಏಳು ಸಲ ಅವರು ಒಂದು ಹೆಚ್ಚಿನ ತಿಂಗಳು ಸೇರಿಸುತ್ತಾರೆ. ನಮ್ಮ ಅಧಿಕ ಮಾಸದ ಲೆಕ್ಕವೇ ಅದು. ಹೀಗಾಗಿ ಹನುಕ್ಕಾ ಯಾವಾಗಲೂ ಚಳಿಗಾಲದ ಕತ್ತಲೂ ಚಂದ್ರನಿಲ್ಲದ ಕತ್ತಲೂ ಕೂಡುವ ರಾತ್ರಿಗಳಲ್ಲಿ ಬರುತ್ತದೆ. ಚರಿತ್ರೆಯ ಕಾರಣ ನಿಜವಿರಬಹುದು. ಆದರೆ ದೀಪಕ್ಕೆ ಇದಕ್ಕಿಂತ ಒಳ್ಳೆಯ ವಾರ ಸಿಗುವುದಿಲ್ಲ.

ಅಮಾವಾಸ್ಯೆಯ ದೀಪ

ಚಂದ್ರನ ಕತ್ತಲು ಅಂದ ಕೂಡಲೇ ದೀಪಾವಳಿ ನೆನಪಾಗುತ್ತದೆ. ದೀಪಾವಳಿಯನ್ನು ಚಳಿಗಾಲದ ಹಬ್ಬ ಅಂತ ಕರೆಯುವುದು ಅಷ್ಟು ಸರಿಯಲ್ಲ. ಅದು ಮಳೆ ಮುಗಿದು ಚಳಿ ಶುರುವಾಗುವ ಹೊಸ್ತಿಲಲ್ಲಿ ಬರುತ್ತದೆ. ಅದರ ಕತ್ತಲು ಆಶ್ವಯುಜದ ಅಮಾವಾಸ್ಯೆಯದು. ನೀರು ತುಂಬುವ ಹಬ್ಬ, ನರಕ ಚತುರ್ದಶಿಯ ಎಣ್ಣೆ ಸ್ನಾನ, ಅಮಾವಾಸ್ಯೆಯ ಲಕ್ಷ್ಮೀಪೂಜೆ, ಬಲಿಪಾಡ್ಯಮಿ: ನಮ್ಮ ದೀಪಾವಳಿ ಚಂದ್ರ ಮುಗಿಯುವುದರಿಂದ ಹಿಡಿದು ಮತ್ತೆ ಹುಟ್ಟುವವರೆಗೆ ಹರಡಿಕೊಂಡಿದೆ.

ಮಲೆನಾಡಿನಲ್ಲಿ ಈ ರಾತ್ರಿಗಳಿಗೆ ಅಂಟಿಗೆ ಪಂಟಿಗೆ ಇದೆ. ಗಂಡಸರ ಒಂದು ಗುಂಪು ದೇವಸ್ಥಾನದಲ್ಲಿ ಹಚ್ಚಿದ ಜ್ಯೋತಿ ಹಿಡಿದು ರಾತ್ರಿಯಿಡೀ ಮನೆಮನೆಗೆ ಹೋಗುತ್ತದೆ. ಅಡಿಕೆ ತೋಟ, ಗದ್ದೆಯ ಬದು, ಕಾಲುಸಂಕ ದಾಟಿ ಹೋಗಬೇಕು. ಗಾಳಿ ಇರಲಿ, ಹನಿ ಇರಲಿ, ಜ್ಯೋತಿ ಆರಬಾರದು. ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮನೆಯವರು ಎದ್ದು ಬಂದು ಆ ಜ್ಯೋತಿಗೆ ಎಣ್ಣೆ ಎರೆದು, ಅದರಿಂದ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡಿರುವ ಊರುಗಳಲ್ಲಿ ಕತ್ತಲು ದಾಟಿ ಬೆಂಕಿ ತರುವುದು ಅಂದರೆ ಏನು ಅಂತ ಯೋಚಿಸಿ. ಸ್ವೀಡನ್ನಿನ ಲೂಸಿಯಾ ಮೆರವಣಿಗೆಯಲ್ಲೂ ದೀಪ ನಡೆದು ಬರುತ್ತದೆ, ಹಾಡಿನ ಜೊತೆಗೇ ಬರುತ್ತದೆ. ಒಂದನ್ನು ನೋಡಿ ಇನ್ನೊಂದು ಹುಟ್ಟಿದ್ದಲ್ಲ. ಕತ್ತಲಲ್ಲಿ ದೀಪ ಹಿಡಿದು ಬರುವವರು ಹಾಡಿದರೆ ಮನೆಯೊಳಗಿನವರಿಗೆ ಹೆದರಿಕೆಯಾಗುವುದಿಲ್ಲ. ಕಾರಣ ಇಷ್ಟು ಸರಳವೂ ಇರಬಹುದು.

ಅದೇ ಅಮಾವಾಸ್ಯೆಯನ್ನು ಜೈನರು ಬೇರೆ ಕಾರಣಕ್ಕೆ ಬೆಳಗುತ್ತಾರೆ. ಬಿಹಾರದ ಪಾವಾಪುರಿಯಲ್ಲಿ ಮಹಾವೀರರು ನಿರ್ವಾಣ ಹೊಂದಿದ ರಾತ್ರಿ ಅದು. ಪರಂಪರೆ ಹೇಳುವ ವರ್ಷ ಕ್ರಿ.ಪೂ. 527. ಅಲ್ಲಿ ಸೇರಿದ್ದ ಹದಿನೆಂಟು ಗಣರಾಜರು, ಜ್ಞಾನದ ಬೆಳಕು ಹೋಯಿತು, ಇನ್ನು ಎಣ್ಣೆಯ ದೀಪವನ್ನಾದರೂ ಹಚ್ಚೋಣ ಅಂದರಂತೆ. ಈ ದೀಪದಲ್ಲಿ ಗೆಲುವಿನ ಸಂಭ್ರಮಕ್ಕಿಂತ ಅಗಲಿಕೆಯೇ ಜಾಸ್ತಿ. ಕರ್ನಾಟಕದ ಬಸದಿಗಳಲ್ಲೂ ಅವತ್ತು ನಿರ್ವಾಣ ಪೂಜೆ ನಡೆಯುತ್ತದೆ. ಸಿಖ್ಖರಿಗೆ ಅದು ಬಿಡುಗಡೆಯ ದಿನ. ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ 52 ರಾಜರನ್ನೂ ಕರೆದುಕೊಂಡು ಹೊರಬಂದ ನೆನಪಿಗೆ ಅಮೃತಸರದ ಸ್ವರ್ಣಮಂದಿರ ದೀಪಗಳಿಂದ ತುಂಬುತ್ತದೆ. ರಾತ್ರಿ ಒಂದೇ, ಕಾರಣ ಮೂರು.

ದೀಪಾವಳಿ ಮುಗಿದರೂ ನಮ್ಮಲ್ಲಿ ದೀಪ ನಿಲ್ಲುವುದಿಲ್ಲ. ಇಡೀ ಕಾರ್ತಿಕ ಮಾಸ ಸಂಜೆ ಹೊಸ್ತಿಲಲ್ಲಿ, ತುಳಸಿಕಟ್ಟೆಯಲ್ಲಿ, ದೇವಸ್ಥಾನದಲ್ಲಿ ದೀಪ. ಉತ್ತರ ಕರ್ನಾಟಕದಲ್ಲಿ ಆಕಾಶಬುಟ್ಟಿ, ಕರಾವಳಿಯಲ್ಲಿ ಗೂಡುದೀಪ. ತುಳಸಿ ಹಬ್ಬಕ್ಕೆ ಕಾಯಿ ಬಿಟ್ಟ ನೆಲ್ಲಿಯ ಕೊಂಬೆಯನ್ನು ತುಳಸಿಯ ಪಕ್ಕ ನೆಟ್ಟು, ನೆಲ್ಲಿಕಾಯಿಯ ತಲೆಯನ್ನು ಗುಂಡಗೆ ಕೊರೆದು, ತುಪ್ಪದ ಬತ್ತಿ ಇಟ್ಟು ಬೆಳಗುತ್ತಾರೆ. ಬೆಂಕಿಯ ಬಿಸಿಗೆ ಕಾಯಿ ಬಾಡಿ ಹುಳಿ ವಾಸನೆ ಬರುತ್ತದೆ. ಮಾಸದ ಕೊನೆಯಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ. ಅದರ ಭಾಗವಾಗಿ ಅಲ್ಲಿ ಸರ್ವಧರ್ಮ ಸಮ್ಮೇಳನವೂ ನಡೆಯುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್‌ನಲ್ಲಿ ಅಂದೆನಲ್ಲ, ಆ ಸಂಜೆಗಳೇ ಇವು.

ಹಾಗಾದರೆ ನಮ್ಮ ದೀಪವೆಲ್ಲ ಅಮಾವಾಸ್ಯೆಯ ದೀಪ ಅನ್ನಬಹುದೇ? ಇಲ್ಲ. ತಿರುವಣ್ಣಾಮಲೈಯ ಕಾರ್ತಿಗೈ ದೀಪ ಬರುವುದು ಹುಣ್ಣಿಮೆಯ ಸುತ್ತ. ಸುಮಾರು 2,668 ಅಡಿ ಎತ್ತರದ ಬೆಟ್ಟದ ತುದಿಯಲ್ಲಿ ದೊಡ್ಡ ಕೊಪ್ಪರಿಗೆಗೆ ತುಪ್ಪ ಸುರಿದು, ಸಂಜೆ ಆರಕ್ಕೆ ಮಹಾದೀಪ ಹಚ್ಚುತ್ತಾರೆ. ಮೈಲಿಗಟ್ಟಲೆ ದೂರಕ್ಕೆ ಕಾಣುವ ಆ ದೀಪಕ್ಕೆ ಕತ್ತಲು ಬೇಕಿಲ್ಲ. ಅದರ ನಂಟು ಕೃತ್ತಿಕಾ ನಕ್ಷತ್ರದ ಜೊತೆ. ನವೆಂಬರ್ ಕೊನೆಯಲ್ಲಿ ಕೃತ್ತಿಕೆ ಸೂರ್ಯನಿಗೆ ಸರಿಯಾಗಿ ಎದುರು ಬರುತ್ತದೆ. ಸೂರ್ಯ ಮುಳುಗುವಾಗ ಹುಟ್ಟಿ ಇಡೀ ರಾತ್ರಿ ಆಕಾಶದಲ್ಲಿರುತ್ತದೆ. ಶಿವ ಆದಿ ಅಂತ್ಯವಿಲ್ಲದ ಬೆಂಕಿಯ ಕಂಬವಾಗಿ ನಿಂತ ಕಥೆ ಅಲ್ಲಿಯದು. ಅಲ್ಲಿ ಬೆಳಕೇ ದೇವರು.

ಇದೇ ಕೃತ್ತಿಕೆಯನ್ನು ಭೂಮಿಯ ಆ ತುದಿಯಲ್ಲಿ, ನ್ಯೂಜಿಲೆಂಡಿನ ಮಾವೋರಿ ಜನ ಮಾತಾರಿಕಿ ಅನ್ನುತ್ತಾರೆ. ಅವರ ಚಳಿಗಾಲ ಜೂನ್ ಜುಲೈನಲ್ಲಿ. ಕೆಲವು ವಾರ ಕಾಣದೇ ಹೋದ ಈ ನಕ್ಷತ್ರಗುಚ್ಛ ನಸುಕಿನಲ್ಲಿ ಮತ್ತೆ ಹುಟ್ಟಿದಾಗ ಅವರಿಗೆ ಹೊಸ ವರ್ಷ. ಆ ವರ್ಷ ತೀರಿಕೊಂಡವರ ಹೆಸರನ್ನು ನಕ್ಷತ್ರಗಳಿಗೆ ಕೂಗಿ ಹೇಳುತ್ತಾರೆ. 2022ರಿಂದ ಅದು ಅಲ್ಲಿ ಸರ್ಕಾರಿ ರಜೆಯ ದಿನ.

ಜಾರದ ರಾತ್ರಿ

ಲೂಸಿಯಾಳ ತಾರೀಖು ಜಾರಿತು. ಇರಾನಿನ ಯಲ್ದಾ ರಾತ್ರಿ ಮಾತ್ರ ಅತಿ ಉದ್ದದ ರಾತ್ರಿಯನ್ನು ಬಿಟ್ಟು ಕದಲಿಲ್ಲ. ಇರಾನಿನ ಕ್ಯಾಲೆಂಡರು ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ಕ್ಷಣದಿಂದ ಶುರುವಾಗುತ್ತದೆ. ಆ ಕ್ಷಣವನ್ನು ಪ್ರತಿ ವರ್ಷ ಖಗೋಳ ಲೆಕ್ಕದಿಂದ ಹಿಡಿಯುತ್ತಾರೆ. ಈಗಿನ ರೂಪದಲ್ಲಿ ಅದು ಅಧಿಕೃತವಾಗಿದ್ದು 1925ರಲ್ಲಿ. ಶರತ್ಕಾಲದ ಕೊನೆಯ ರಾತ್ರಿ, ಡಿಸೆಂಬರ್ 20 ಅಥವಾ 21, ಯಲ್ದಾ. ನಮ್ಮ ಪಾರ್ಸಿಗಳು ಪಾಲಿಸುವ ಜರತುಷ್ಟ್ರ ಧರ್ಮದ ಕಾಲದಿಂದ ಬಂದ ಈ ರಾತ್ರಿಯನ್ನು ಇವತ್ತು ಮುಸ್ಲಿಂ ಮನೆಗಳೂ ಅಷ್ಟೇ ಪ್ರೀತಿಯಿಂದ ಮಾಡುತ್ತವೆ. ಎಲ್ಲರೂ ಮನೆಯ ಹಿರಿಯರ ಹತ್ತಿರ ಸೇರುತ್ತಾರೆ. ದಾಳಿಂಬೆ ಬಿಡಿಸಿಟ್ಟಿರುತ್ತದೆ, ಅದರ ಕೆಂಪು ಮುಂಜಾವಿನ ಬಣ್ಣ. ಬೇಸಿಗೆಯ ನೆನಪಿಗೆ ಕಲ್ಲಂಗಡಿ. ಪಿಸ್ತಾ, ಬಾದಾಮಿ, ಒಣಹಣ್ಣು. ಒಬ್ಬೊಬ್ಬರೂ ಮನಸ್ಸಿನಲ್ಲಿ ಏನೋ ಅಂದುಕೊಂಡು ಕವಿ ಹಾಫಿಜನ ಪುಸ್ತಕ ತೆರೆಯುತ್ತಾರೆ. ಬಂದ ಪುಟದ ಪದ್ಯವನ್ನು ಹಿರಿಯರು ಓದಿ ಅರ್ಥ ಹೇಳುತ್ತಾರೆ. ಯಾರೂ ಬೇಗ ಮಲಗುವುದಿಲ್ಲ. ರಾತ್ರಿ ಉದ್ದ ಅಂತ ಗೊತ್ತಿದ್ದರೆ ಅದನ್ನು ಒಟ್ಟಿಗೆ ಕೂತು ಕಳೆಯುವುದೇ ಅವರ ದೀಪ. ಇರಾನ್ ಮತ್ತು ಅಫ್ಘಾನಿಸ್ತಾನದ ಪರವಾಗಿ 2022ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2025ರಲ್ಲಿ ಹನುಕ್ಕಾದ ಎಂಟನೆಯ ದೀಪ ಮತ್ತು ಯಲ್ದಾ ಎರಡೂ ಡಿಸೆಂಬರ್ 21ರ ಒಂದೇ ಸಂಜೆ ಬಂದವು.

ಕ್ರಿಸ್‌ಮಸ್‌ ತಾರೀಖಿನ ವಾದ ಇನ್ನೂ ಮುಗಿದಿಲ್ಲ. ಯೇಸು ಹುಟ್ಟಿದ ದಿನ ಬೈಬಲ್‌ನಲ್ಲಿಲ್ಲ. ಡಿಸೆಂಬರ್ 25 ಅನ್ನುವ ಹಳೆಯ ದಾಖಲೆ ಸಿಗುವುದು ಕ್ರಿ.ಶ. 354ರ ಒಂದು ರೋಮನ್ ಪಂಚಾಂಗದಲ್ಲಿ. ಅದೇ ಪಂಚಾಂಗ ಅದೇ ದಿನವನ್ನು ಅಜೇಯ ಸೂರ್ಯನ ಹುಟ್ಟಿದ ದಿನ ಅಂತಲೂ ಹೇಳುತ್ತದೆ. ಸೂರ್ಯನ ಹಬ್ಬವನ್ನೇ ಚರ್ಚು ತನ್ನದು ಮಾಡಿಕೊಂಡಿತು ಅನ್ನುವವರಿದ್ದಾರೆ. ಮಾರ್ಚ್ 25ಕ್ಕೆ ಯೇಸು ಗರ್ಭದಲ್ಲಿ ಬಂದ ಅನ್ನುವ ನಂಬಿಕೆಗೆ ಒಂಬತ್ತು ತಿಂಗಳು ಸೇರಿಸಿದ ಲೆಕ್ಕ ಇದು ಅನ್ನುವವರೂ ಇದ್ದಾರೆ. ನನಗೆ ಎರಡನೆಯ ವಾದವನ್ನು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ರಷ್ಯದ ಚರ್ಚು ಇಂದಿಗೂ ಹಳೆಯ ಜೂಲಿಯನ್ ಲೆಕ್ಕ ಹಿಡಿದಿದೆ. ಅವರ ಕ್ರಿಸ್‌ಮಸ್‌ ನಮ್ಮ ಜನವರಿ 7ಕ್ಕೆ ಬರುತ್ತದೆ. ಆ ಹನ್ನೊಂದು ನಿಮಿಷ ಈಗ 13 ದಿನವಾಗಿ ಬೆಳೆದಿದೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ದೀಪ ಏರಿಸುವ ಪದ್ಧತಿಗೆ ಒಂದು ಮುದ್ದಾದ ಹಿನ್ನೆಲೆ ಇದೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗೆ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್‌ ಬಂತಾ, ಇವತ್ತಾ ಅಂತ ಮಕ್ಕಳು ದಿನಾ ಕೇಳುತ್ತಿದ್ದರು. ಅವರು ಒಂದು ಗಾಡಿಚಕ್ರ ತಂದು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ಇಟ್ಟರು. ದಿನಕ್ಕೊಂದು ಹಚ್ಚಿ ಮಕ್ಕಳೇ ಎಣಿಸಿಕೊಂಡರು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಈಗ ಕಾಣುವ ನಾಲ್ಕು ಬತ್ತಿ ಇಟ್ಟ ಹಸಿರೆಲೆಗಳ ಬಳೆ ಅದರಿಂದಲೇ ಬಂದದ್ದು. ಅಂಗಳದಲ್ಲಿ ಗೋದಲಿ, ಮಾಡಿನ ಅಂಚಿಗೆ ಕಾಗದದ ನಕ್ಷತ್ರ. ತಿಂಗಳ ಹಿಂದೆ ಪಕ್ಕದ ಮನೆಯವರು ಗೂಡುದೀಪ ಇಳಿಸಿರುತ್ತಾರೆ, ಈಗ ಇವರ ಮನೆಯಲ್ಲಿ ನಕ್ಷತ್ರ ಏರುತ್ತದೆ.

ಡಿಸೆಂಬರ್ 21 ಆದ ಮೇಲೆ ಹಗಲು ಬೆಳೆಯುತ್ತದೆ, ಆದರೆ ಚಳಿ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಒಲೆಯ ಉರಿ ದೊಡ್ಡದು ಮಾಡಿದ ತಕ್ಷಣ ಹಂಡೆಯ ನೀರು ಕಾಯುವುದಿಲ್ಲವಲ್ಲ, ಹಾಗೆ. ನೆಲ ಮತ್ತು ಕಡಲು ಪಡೆಯುವ ಬಿಸಿಗಿಂತ ಕಳೆದುಕೊಳ್ಳುವ ಬಿಸಿ ಇನ್ನೂ ಕೆಲವು ವಾರ ಜಾಸ್ತಿ ಇರುತ್ತದೆ. ಅದಕ್ಕೇ ಇರಬೇಕು, ನಲವತ್ತು ದಿನ ಕಳೆದ ಮೇಲೆ ಇನ್ನೊಂದು ಸುತ್ತು ಬೆಂಕಿ. ಯಲ್ದಾ ಕಳೆದು ನಲವತ್ತು ದಿನಕ್ಕೆ, ಜನವರಿ 30ರ ಹೊತ್ತಿಗೆ, ಇರಾನಿನ ಜರತುಷ್ಟ್ರರು ಸಾದೇ ಹಬ್ಬದ ದೊಡ್ಡ ಬೆಂಕಿ ಹಾಕುತ್ತಾರೆ. ಕ್ರಿಸ್‌ಮಸ್‌ ಕಳೆದು ನಲವತ್ತನೆಯ ದಿನ, ಫೆಬ್ರವರಿ 2ಕ್ಕೆ, ಚರ್ಚುಗಳಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸುತ್ತಾರೆ. ಚರ್ಚು ಕೊಡುವ ಕಾರಣ ಬೇರೆ: ತಾಯಿ ಮರಿಯ ಮಗುವನ್ನು ದೇವಾಲಯಕ್ಕೆ ಒಯ್ದ ದಿನ ಅದು.

ಇಸ್ಲಾಮಿಗೆ ಚಳಿಗಾಲದ್ದೇ ಆದ ದೀಪದ ಹಬ್ಬ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಉತ್ತರ ಕ್ಯಾಲೆಂಡರಿನಲ್ಲೇ ಇದೆ. ಅದು ಶುದ್ಧ ಚಂದ್ರನ ಲೆಕ್ಕ. ವರ್ಷಕ್ಕೆ 354 ಅಥವಾ 355 ದಿನ, ಅಧಿಕ ಮಾಸ ಸೇರಿಸುವಂತಿಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ 33 ವರ್ಷದಲ್ಲಿ ಎಲ್ಲಾ ಋತುಗಳನ್ನೂ ಸುತ್ತಿ ಬರುತ್ತದೆ. ಇದರಲ್ಲಿ ಒಂದು ನ್ಯಾಯವೂ ಇದೆ. ಬೇಸಿಗೆಯ ದೀರ್ಘ ಉಪವಾಸ ಯಾವುದೋ ಒಂದು ದೇಶದವರ ಪಾಲಿಗೇ ಖಾಯಂ ಆಗಿ ಬೀಳುವುದಿಲ್ಲ. ಕೈರೋದ ಬೀದಿಗಳಲ್ಲಿ ರಂಜಾನಿಗೆ ಬಣ್ಣದ ಗಾಜಿನ ಲಾಂದ್ರ ತೂಗುಹಾಕುತ್ತಾರೆ. 2030ರಲ್ಲಿ ಜನವರಿಯ ಮೊದಲಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ. ಆ ವರ್ಷ ಆ ಲಾಂದ್ರಗಳು ಚಳಿಗಾಲದ ದೀಪಗಳೇ.

ನಮ್ಮ ಸಂಕ್ರಾಂತಿಯೂ ಜಾರಿದೆ

ಉತ್ತರಾಯಣ ಅಂದರೆ ಸೂರ್ಯ ಉತ್ತರಕ್ಕೆ ತಿರುಗುವುದು. ಅದು ನಿಜವಾಗಿ ಆಗುವುದು ಡಿಸೆಂಬರ್ 21ರ ಸುಮಾರಿಗೆ. ನಾವು ಎಳ್ಳು ಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ. ಇಲ್ಲಿ ಕ್ಯಾಲೆಂಡರ್ ಮಾಡಿದವರ ತಪ್ಪಿಲ್ಲ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಎದುರಿಟ್ಟು ಅಳೆಯುತ್ತದೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ನಿಧಾನವಾಗಿ ಒಂದು ಸುತ್ತು ತಿರುಗುವುದರಿಂದ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದಕ್ಕೆ ಹೋಗುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ತಾರೀಖು 1863ರ ಜನವರಿ 12, ಈಗಿನದಕ್ಕಿಂತ ಎರಡು ಮೂರು ದಿನ ಮೊದಲು.

ಮಂಡ್ಯ ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ರಸ್ತೆಗೆ ಅಡ್ಡ ಒಣಹುಲ್ಲು ಹರಡಿ ಬೆಂಕಿ ಹಾಕಿ ಕಿಚ್ಚು ಹಾಯಿಸುತ್ತಾರೆ. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಹಾ ದೇವಾಲಯದಲ್ಲಿ ಅದೇ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಕತ್ತಲ ಗರ್ಭಗುಡಿಯ ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಸೂರ್ಯ ದಕ್ಷಿಣದ ತುದಿ ಮುಟ್ಟಿ ವಾಪಸಾಗುವ ದಾರಿಯಲ್ಲಿ ಆ ಜಾಗಕ್ಕೆ ಬಂದಿರುತ್ತಾನೆ. ತುದಿಗೆ ಹೋಗುವ ದಾರಿಯಲ್ಲೂ ಅವನು ಅದೇ ಜಾಗವನ್ನು ಹಾಯ್ದಿರಬೇಕು. ಅದು ನವೆಂಬರ್ ಕೊನೆಯ ದಿನಗಳಲ್ಲಿ.

ಇದನ್ನು ನೋಡಲು ಗವಿಪುರಕ್ಕೇ ಹೋಗಬೇಕಿಲ್ಲ. ನಿಮ್ಮ ಮನೆಯ ತಾರಸಿಯ ಒಂದೇ ಜಾಗದಲ್ಲಿ ನಿಂತು ನವೆಂಬರ್ ಕೊನೆಗೆ, ಡಿಸೆಂಬರ್ 21ಕ್ಕೆ, ಸಂಕ್ರಾಂತಿಗೆ ಸೂರ್ಯ ಮುಳುಗುವ ಜಾಗವನ್ನು ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಾಗಿಟ್ಟು ನೋಡಿ. ಮೊದಲ ಮತ್ತು ಕೊನೆಯ ಗುರುತು ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ನಡುವಿನದು ಅವೆರಡರಿಂದ ಎಡಕ್ಕೆ, ಸೂರ್ಯನ ನಾಲ್ಕು ಬಿಂಬಗಳನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿರುತ್ತದೆ.